ಬೇಸಿಗೆಯ ಬಿಸಿ, ಟೈರಿನ ಗಾಳಿ ಮತ್ತು ಎಚ್ಚರಿಕೆ ದೀಪ: ವಿರಾಜಪೇಟೆ ಭಾಗದ ವಾಹನ ಮಾಲೀಕರ ಗಮನಕ್ಕೆ ಒಂದು ವಿಶ್ಲೇಷಣೆ

1. ಪೀಠಿಕೆ

ಪ್ರತಿ ವರ್ಷ ಮಾರ್ಚ್‌ನಿಂದ ಮೇ ತಿಂಗಳವರೆಗೆ ಟೈರು ಸಿಡಿದು ಸಂಭವಿಸುವ ಅಪಘಾತಗಳ ಸುದ್ದಿ ಹೆಚ್ಚಾಗಿ ಕೇಳಿಬರುತ್ತದೆ. ಬಿಸಿಲಿಗೆ ಟೈರಿನೊಳಗಿನ ಗಾಳಿ ಹಿಗ್ಗಿ ಟೈರು ಸಿಡಿಯುತ್ತದೆ, ಆದುದರಿಂದ ಬೇಸಿಗೆಯಲ್ಲಿ ಗಾಳಿಯನ್ನು ಕಡಿಮೆ ಇಡಬೇಕು ಎಂಬ ನಂಬಿಕೆ ವಾಹನ ಚಾಲಕರಲ್ಲಿ ಬೇರೂರಿದೆ. ಈ ನಂಬಿಕೆಯ ಮೊದಲ ಭಾಗದಲ್ಲಿ ಸ್ವಲ್ಪ ಸತ್ಯವಿದೆ. ಎರಡನೆಯ ಭಾಗ ಸಂಪೂರ್ಣ ತಪ್ಪು ಮತ್ತು ಅಪಾಯಕಾರಿ. ಬೇಸಿಗೆಯಲ್ಲಿ ಟೈರನ್ನು ಹೆಚ್ಚಾಗಿ ಹಾಳುಮಾಡುವುದು ಅಧಿಕ ಒತ್ತಡಕ್ಕಿಂತ ಕಡಿಮೆ ಒತ್ತಡವೇ ಆಗಿದೆ.

ವಿರಾಜಪೇಟೆ ಭಾಗದ ವಾಹನಗಳಿಗೆ ಈ ವಿಷಯ ವಿಶೇಷವಾಗಿ ಅನ್ವಯಿಸುತ್ತದೆ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಪಟ್ಟಣದಲ್ಲಿ ಬೇಸಿಗೆಯ ಮುಂಜಾನೆಯೂ ತಂಪಾಗಿರುತ್ತದೆ. ಅದೇ ವಾಹನ ಮಧ್ಯಾಹ್ನದ ಹೊತ್ತಿಗೆ ಮಾಕುಟ್ಟ ಘಾಟಿ ಇಳಿದು ಕಣ್ಣೂರಿನ ಕರಾವಳಿಯಲ್ಲಿರಬಹುದು, ಅಥವಾ ಹುಣಸೂರು, ಮೈಸೂರು ದಾಟಿ ಬೆಂಗಳೂರಿನ ಹೆದ್ದಾರಿಯಲ್ಲಿರಬಹುದು. 2024ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರು ನಗರದಲ್ಲಿ ಮಳೆಯೇ ಬೀಳದೆ ಗರಿಷ್ಠ ತಾಪಮಾನ 38 ಡಿಗ್ರಿ ಸೆಲ್ಸಿಯಸ್ ದಾಟಿದ್ದನ್ನು ಇಲ್ಲಿ ಸ್ಮರಿಸಬಹುದು. ಒಂದೇ ದಿನದಲ್ಲಿ ಇಷ್ಟು ವ್ಯತ್ಯಾಸವನ್ನು ಎದುರಿಸುವ ಟೈರಿನಲ್ಲಿ ಏನು ನಡೆಯುತ್ತದೆ, ವಾಹನದ ಎಚ್ಚರಿಕೆ ದೀಪ ಅದರಲ್ಲಿ ಎಷ್ಟನ್ನು ತಿಳಿಸುತ್ತದೆ ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಕೆಳಗೆ ವಿವರಿಸಲಾಗಿದೆ.

2. ಶಾಖಕ್ಕೂ ಒತ್ತಡಕ್ಕೂ ಇರುವ ಸಂಬಂಧ

ಮುಚ್ಚಿದ ಪಾತ್ರೆಯೊಳಗಿನ ಗಾಳಿ ಬಿಸಿಯಾದಷ್ಟೂ ಅದರ ಒತ್ತಡ ಏರುತ್ತದೆ, ತಣ್ಣಗಾದಷ್ಟೂ ಇಳಿಯುತ್ತದೆ. ಟೈರಿನ ಒತ್ತಡವನ್ನು ಚದರ ಅಂಗುಲಕ್ಕೆ ಇಂತಿಷ್ಟು ಪೌಂಡ್ ಎಂಬ ಲೆಕ್ಕದಲ್ಲಿ, ಅಂದರೆ ಪಿ.ಎಸ್.ಐ. ಮಾನದಲ್ಲಿ ಅಳೆಯಲಾಗುತ್ತದೆ. 33 ಪಿ.ಎಸ್.ಐ. ಇರುವ ಕಾರಿನ ಟೈರಿನಲ್ಲಿ ತಾಪಮಾನ 10 ಡಿಗ್ರಿ ಏರಿದರೆ ಒತ್ತಡ ಸುಮಾರು ಒಂದೂವರೆ ಪಿ.ಎಸ್.ಐ. ಏರುತ್ತದೆ. 100 ಪಿ.ಎಸ್.ಐ. ಇರುವ ಲಾರಿಯ ಟೈರಿನಲ್ಲಿ ಇದೇ ಏರಿಕೆ ನಾಲ್ಕು ಪಿ.ಎಸ್.ಐ.ಗೆ ಸಮೀಪಿಸುತ್ತದೆ.

ಈ ಏರಿಕೆಯನ್ನು ವಾಹನ ತಯಾರಕರು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ. ಚಾಲಕನ ಬಾಗಿಲಿನ ಕಂಬದ ಮೇಲೆ ಅಥವಾ ಇಂಧನ ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲಿ ನಮೂದಿಸಿರುವ ಒತ್ತಡವು ತಣ್ಣಗಿರುವ ಟೈರಿಗೆ ಸಂಬಂಧಿಸಿದ್ದು. ಕನಿಷ್ಠ 3 ಗಂಟೆ ಕಾಲ ನಿಂತಿರುವ, ಅಥವಾ ನಿಂತಲ್ಲಿಂದ 2 ಕಿ.ಮೀ. ಒಳಗೆ ಮಾತ್ರ ಓಡಿರುವ ವಾಹನದ ಟೈರನ್ನು ತಣ್ಣಗಿರುವ ಟೈರು ಎಂದು ಪರಿಗಣಿಸಬಹುದು. ಓಡಿದ ನಂತರ ಅದರಲ್ಲಿ ನಾಲ್ಕರಿಂದ ಆರು ಪಿ.ಎಸ್.ಐ. ಹೆಚ್ಚು ಕಂಡುಬಂದರೆ ಅದು ಸಹಜ.

ಟೈರಿಗೆ ನಿಜವಾದ ಅಪಾಯ ಬೇರೊಂದು ಕಡೆಯಿಂದ ಬರುತ್ತದೆ. ಗಾಳಿ ಕಡಿಮೆಯಿರುವ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಾಗಿ ಏಳುತ್ತದೆ. ಹೀಗೆ ಬಾಗುವ ರಬ್ಬರು ಒಳಗಿನಿಂದಲೇ ಕಾಯುತ್ತದೆ. ವೇಗ ಮತ್ತು ಹೊರೆ ಹೆಚ್ಚಿದಂತೆ ಈ ಕಾವು ಹೆಚ್ಚುತ್ತದೆ. ಹೊರಗಿನ ಬಿಸಿಲು ಮತ್ತು ಕಾದ ರಸ್ತೆಯಿಂದಾಗಿ ಅದು ಆರುವುದಿಲ್ಲ. ಕೊನೆಗೆ ರಬ್ಬರಿನ ಪದರಗಳು ಒಂದರಿಂದೊಂದು ಬಿಟ್ಟುಕೊಂಡು ಟೈರು ಸಿಡಿಯುತ್ತದೆ. ಬಿಸಿಲನ್ನು ತಡೆಯಲೆಂದು ಗಾಳಿ ಇಳಿಸಿದ ಚಾಲಕ ಟೈರಿನೊಳಗೆ ಹೊಸದೊಂದು ಬಿಸಿಯನ್ನು ಹುಟ್ಟಿಸಿದಂತಾಗುತ್ತದೆ.

3. ವಿರಾಜಪೇಟೆಯಿಂದ ಬೆಂಗಳೂರಿಗೆ: ಒಂದು ಲೆಕ್ಕ

ಮೇಲಿನ ವಿಷಯವನ್ನು ಒಂದು ಉದಾಹರಣೆಯ ಮೂಲಕ ಸ್ಪಷ್ಟಪಡಿಸಬಹುದು. ಮುಂಜಾನೆ 18 ಡಿಗ್ರಿ ತಾಪಮಾನದಲ್ಲಿ ವಿರಾಜಪೇಟೆಯಲ್ಲಿ ಕಾರಿನ ಟೈರಿಗೆ ತಯಾರಕರು ಸೂಚಿಸಿದಂತೆ 33 ಪಿ.ಎಸ್.ಐ. ಗಾಳಿ ಹಾಕಿಸಲಾಗಿದೆ ಎಂದಿಟ್ಟುಕೊಳ್ಳೋಣ. ಕಾರು ಮೈಸೂರು ದಾಟಿ, 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಮಂಡ್ಯದ ಸಮೀಪಕ್ಕೆ ಬಂದಾಗ ಟೈರಿನೊಳಗಿನ ಗಾಳಿ 50 ಡಿಗ್ರಿಗೆ ಕಾದಿದ್ದರೆ, ಅಳತೆ ಮಾಪಕದಲ್ಲಿ ಸುಮಾರು 38 ಪಿ.ಎಸ್.ಐ. ಕಾಣುತ್ತದೆ.

ಚಾಲಕ ಇದನ್ನು ಕಂಡು ಗಾಬರಿಯಿಂದ 5 ಪಿ.ಎಸ್.ಐ. ಗಾಳಿಯನ್ನು ಹೊರಬಿಟ್ಟು ಮತ್ತೆ 33ಕ್ಕೆ ತಂದರೆ ಆ ಕ್ಷಣಕ್ಕೆ ಎಲ್ಲವೂ ಸರಿಯಾಗಿರುವಂತೆ ತೋರುತ್ತದೆ. ಆದರೆ ವಾಹನ ಊರಿಗೆ ಮರಳಿ, ರಾತ್ರಿ ನಿಂತು, ಮರುದಿನ ಮುಂಜಾನೆ 18 ಡಿಗ್ರಿಗೆ ತಣಿದಾಗ ಅದೇ ಟೈರಿನಲ್ಲಿ ಉಳಿಯುವುದು ಸುಮಾರು 29 ಪಿ.ಎಸ್.ಐ. ಮಾತ್ರ. ಯಾವ ಮೊಳೆಯೂ ಚುಚ್ಚದೆ, ಯಾವ ಸೋರಿಕೆಯೂ ಇಲ್ಲದೆ ನಾಲ್ಕು ಪಿ.ಎಸ್.ಐ. ನಷ್ಟವಾಗಿರುತ್ತದೆ. ಸುಸ್ಥಿತಿಯಲ್ಲಿರುವ ಟೈರು ಕೂಡ ತಿಂಗಳಿಗೆ ಒಂದರಿಂದ ಎರಡು ಪಿ.ಎಸ್.ಐ. ಗಾಳಿಯನ್ನು ಸಹಜವಾಗಿ ಕಳೆದುಕೊಳ್ಳುತ್ತದೆ. ಇದನ್ನೂ ಸೇರಿಸಿದರೆ, ಒಂದೆರಡು ತಿಂಗಳಲ್ಲಿ ಟೈರು 26ರ ಆಸುಪಾಸಿಗೆ ಇಳಿದಿರುತ್ತದೆ. ಮುಂದಿನ ದೀರ್ಘ ಪ್ರಯಾಣಕ್ಕೆ ಕುಟುಂಬ ಸಮೇತ, ಸಾಮಾನು ಸಮೇತ ಹೊರಡುವುದು ಇದೇ ಟೈರಿನ ಮೇಲೆ. ಆದುದರಿಂದ ಬಿಸಿ ಟೈರಿನಿಂದ ಗಾಳಿ ಬಿಡುವುದನ್ನು ಯಾವುದೇ ಸಂದರ್ಭದಲ್ಲಿಯೂ ಮಾಡತಕ್ಕದ್ದಲ್ಲ.

4. ವಿರಾಜಪೇಟೆಯಿಂದ ಕಣ್ಣೂರಿಗೆ: ಘಾಟಿಯ ವಿಶೇಷ

ಪೆರುಂಬಾಡಿ, ಮಾಕುಟ್ಟ ಮಾರ್ಗವಾಗಿ ಇರಿಟ್ಟಿ, ಕಣ್ಣೂರಿಗೆ ಇಳಿಯುವಾಗ ಶಾಖದ ಜೊತೆಗೆ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಮಾಪಕವು ತೋರಿಸುವುದು ಟೈರಿನ ಒಳಗಿನ ಒತ್ತಡಕ್ಕೂ ಹೊರಗಿನ ವಾತಾವರಣದ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು. ವಿರಾಜಪೇಟೆಯ ಎತ್ತರದಲ್ಲಿ ವಾತಾವರಣದ ಒತ್ತಡ ಕರಾವಳಿಗಿಂತ ಸುಮಾರು ಒಂದೂವರೆ ಪಿ.ಎಸ್.ಐ. ಕಡಿಮೆ ಇರುತ್ತದೆ.

ಇದರ ಪರಿಣಾಮವಾಗಿ, ವಿರಾಜಪೇಟೆಯಲ್ಲಿ 18 ಡಿಗ್ರಿಯಲ್ಲಿ 33 ಇದ್ದ ಟೈರು ಕಣ್ಣೂರಿನಲ್ಲಿ ನೆರಳಿನಲ್ಲಿ ನಿಂತು 34 ಡಿಗ್ರಿಗೆ ಬಂದಾಗ ಸುಮಾರು 34 ಪಿ.ಎಸ್.ಐ. ತೋರಿಸುತ್ತದೆ. ಶಾಖದಿಂದ ಏರಿದ ಒತ್ತಡದ ಹೆಚ್ಚಿನ ಪಾಲನ್ನು ಇಳಿತವು ಸರಿದೂಗಿಸಿರುತ್ತದೆ. ಕಣ್ಣೂರಿನಲ್ಲಿ ಅದೇ ಸ್ಥಿತಿಯಲ್ಲಿ 33 ತುಂಬಿಸಿಕೊಂಡು ಮೇಲೆ ಬಂದರೆ ಮರುದಿನ ಮುಂಜಾನೆ ವಿರಾಜಪೇಟೆಯಲ್ಲಿ ಸುಮಾರು 32 ಇರುತ್ತದೆ. ಎರಡೂ ಕಡೆ ವ್ಯತ್ಯಾಸ ಒಂದು ಪಿ.ಎಸ್.ಐ. ಮಾತ್ರ. ಘಾಟಿ ಇಳಿಯುವ ಮುನ್ನ ಗಾಳಿ ಕಡಿಮೆ ಮಾಡಬೇಕು, ಹತ್ತುವ ಮುನ್ನ ಹೆಚ್ಚಿಸಬೇಕು ಎಂಬ ಸಲಹೆಗಳಿಗೆ ಯಾವುದೇ ಆಧಾರವಿಲ್ಲ.

ಆದರೆ ಘಾಟಿ ಇಳಿದ ಕೂಡಲೇ, ತಿರುವುಗಳಲ್ಲಿ ಸತತ ಬ್ರೇಕ್ ಬಳಕೆಯಿಂದ ಚಕ್ರಗಳು ಕಾದಿರುವಾಗ ಗಾಳಿ ಪರೀಕ್ಷಿಸಿದರೆ ಅಳತೆ ದಾರಿ ತಪ್ಪಿಸುತ್ತದೆ. ಅಂತಹ ಸ್ಥಿತಿಯಲ್ಲಿ 33ಕ್ಕೆ ಹೊಂದಿಸಿದ ಟೈರು ಊರಿಗೆ ಮರಳಿದ ನಂತರ ಮುಂಜಾನೆ 30ಕ್ಕೂ ಕೆಳಗಿರುತ್ತದೆ. ಸಮಸ್ಯೆಯ ಮೂಲ ಘಾಟಿಯಲ್ಲಿಲ್ಲ; ಅಳೆಯುವ ಸಮಯದಲ್ಲಿದೆ.

5. ಎಚ್ಚರಿಕೆ ದೀಪ ತಿಳಿಸುವುದು ಮತ್ತು ತಿಳಿಸದಿರುವುದು

ಇತ್ತೀಚಿನ ಅನೇಕ ಕಾರುಗಳಲ್ಲಿ ಟೈರಿನ ಒತ್ತಡದ ಮೇಲೆ ನಿಗಾ ಇಡುವ ವ್ಯವಸ್ಥೆ ಅಳವಡಿಸಲಾಗಿದೆ. ಒತ್ತಡ ಕಡಿಮೆಯಾದಾಗ ಚಾಲಕನ ಮುಂದಿನ ಫಲಕದಲ್ಲಿ ಕುದುರೆ ಲಾಳದ ಆಕಾರದೊಳಗೆ ಆಶ್ಚರ್ಯಸೂಚಕ ಚಿಹ್ನೆ ಇರುವ ಹಳದಿ ದೀಪ ಉರಿಯುತ್ತದೆ. ಈ ದೀಪವನ್ನು ಕುರಿತು ಕೆಳಕಂಡ ಅಂಶಗಳನ್ನು ಗಮನಿಸುವುದು ಅವಶ್ಯಕ.

(ಅ) ದೀಪ ತಡವಾಗಿ ಉರಿಯುತ್ತದೆ. ಸಾಮಾನ್ಯವಾಗಿ ಒತ್ತಡವು ಸೂಚಿತ ಮಟ್ಟಕ್ಕಿಂತ ಶೇಕಡಾ 20ರಿಂದ 25ರಷ್ಟು ಇಳಿದ ನಂತರವೇ ದೀಪ ಹೊತ್ತಿಕೊಳ್ಳುತ್ತದೆ. 33 ಪಿ.ಎಸ್.ಐ. ಬೇಕಾದ ಟೈರಿನಲ್ಲಿ ಈ ಮಿತಿ 25 ಅಥವಾ 26 ಆಗಿರುತ್ತದೆ. ಹಿಂದಿನ ಉದಾಹರಣೆಯ 29 ಪಿ.ಎಸ್.ಐ. ಟೈರಿಗೆ ದೀಪ ಉರಿಯುವುದೇ ಇಲ್ಲ. ದೀಪ ಉರಿದಿಲ್ಲವೆಂದರೆ ಗಾಳಿ ಸರಿಯಾಗಿದೆ ಎಂದು ಅರ್ಥವಲ್ಲ.

(ಆ) ಮುಂಜಾನೆ ಉರಿದು ಆಮೇಲೆ ಆರುವ ದೀಪ ದೋಷದ ಲಕ್ಷಣವಲ್ಲ. ಮಾರ್ಚ್-ಏಪ್ರಿಲ್‌ನಲ್ಲಿ ಕಾಫಿಗೆ ಹೂಮಳೆ ಬಿದ್ದ ಮರುದಿನ ಕೊಡಗಿನಲ್ಲಿ ಮುಂಜಾನೆಯ ತಾಪಮಾನ ಕುಸಿಯುವುದುಂಟು. 24 ಡಿಗ್ರಿಯಲ್ಲಿ 27 ಪಿ.ಎಸ್.ಐ. ಇದ್ದ ಟೈರು 16 ಡಿಗ್ರಿಗೆ ತಣಿದಾಗ 26ಕ್ಕೂ ಕೆಳಗೆ ಇಳಿದು ದೀಪ ಉರಿಯುತ್ತದೆ. ವಾಹನ ಗೋಣಿಕೊಪ್ಪಲು ತಲುಪುವಷ್ಟರಲ್ಲಿ ಟೈರು ಕಾದು ಒತ್ತಡ 30ರ ಸಮೀಪಕ್ಕೆ ಬಂದಿರುತ್ತದೆ, ದೀಪ ಆರಿರುತ್ತದೆ. ಚಾಲಕ ಸಮಸ್ಯೆ ತಾನಾಗಿಯೇ ಸರಿಹೋಯಿತೆಂದು ಭಾವಿಸುತ್ತಾನೆ. ವಾಸ್ತವವಾಗಿ ಮುಂಜಾನೆಯ ದೀಪವೇ ನಿಜವನ್ನು ತಿಳಿಸಿರುತ್ತದೆ. ಟೈರಿನಲ್ಲಿ ಸುಮಾರು ಆರು ಪಿ.ಎಸ್.ಐ. ಕೊರತೆ ಇದ್ದು, ಮಧ್ಯಾಹ್ನದ ಬಿಸಿ ಅದನ್ನು ಮರೆಮಾಚಿರುತ್ತದೆ.

(ಇ) ಎಲ್ಲ ವ್ಯವಸ್ಥೆಗಳೂ ಒಂದೇ ರೀತಿಯವಲ್ಲ. ಕೆಲವು ವಾಹನಗಳಲ್ಲಿ ಪ್ರತಿ ಚಕ್ರದೊಳಗೆ ಬ್ಯಾಟರಿ ಚಾಲಿತ ಸಂವೇದಕವಿದ್ದು ಒತ್ತಡವನ್ನು ನೇರವಾಗಿ ಅಳೆಯುತ್ತದೆ. ಆ ಬ್ಯಾಟರಿಯ ಆಯಸ್ಸು ಸಾಮಾನ್ಯವಾಗಿ 5ರಿಂದ 10 ವರ್ಷ. ಇನ್ನು ಕೆಲವು ವಾಹನಗಳಲ್ಲಿ ಎ.ಬಿ.ಎಸ್. ಬ್ರೇಕ್ ವ್ಯವಸ್ಥೆಯ ಸಂವೇದಕಗಳು ಚಕ್ರದ ಸುತ್ತುವ ವೇಗವನ್ನು ಹೋಲಿಸಿ, ಗಾಳಿ ಇಳಿದ ಚಕ್ರ ಯಾವುದೆಂದು ಅಂದಾಜು ಮಾಡುತ್ತವೆ. ಈ ಎರಡನೆಯ ವಿಧದಲ್ಲಿ ನಾಲ್ಕೂ ಟೈರುಗಳ ಗಾಳಿ ಒಂದೇ ಪ್ರಮಾಣದಲ್ಲಿ ಇಳಿದರೆ ದೀಪ ಉರಿಯದಿರುವ ಸಾಧ್ಯತೆಯಿದೆ. ಗಾಳಿ ತುಂಬಿಸಿದ ಪ್ರತಿ ಬಾರಿಯೂ ವಾಹನದ ಕೈಪಿಡಿಯಲ್ಲಿ ತಿಳಿಸಿದಂತೆ ವ್ಯವಸ್ಥೆಯನ್ನು ಮರುಹೊಂದಿಸುವುದು ಅವಶ್ಯಕ. ಟೈರುಗಳಲ್ಲಿ ಗಾಳಿ ಕಡಿಮೆ ಇರುವಾಗಲೇ ಮರುಹೊಂದಿಸಿದರೆ ಆ ಕಡಿಮೆ ಒತ್ತಡವನ್ನೇ ವ್ಯವಸ್ಥೆಯು ಸರಿಯೆಂದು ಗ್ರಹಿಸುತ್ತದೆ.

(ಈ) ಮಿನುಗುವ ದೀಪಕ್ಕೆ ಬೇರೆ ಅರ್ಥ. ವಾಹನ ಚಾಲನೆ ಮಾಡಿದಾಗ ದೀಪ ಒಂದು ನಿಮಿಷಕ್ಕೂ ಹೆಚ್ಚು ಕಾಲ ಮಿನುಗಿ ನಂತರ ಸ್ಥಿರವಾಗಿ ಉರಿದರೆ, ಅದು ಸಾಮಾನ್ಯವಾಗಿ ನಿಗಾ ವ್ಯವಸ್ಥೆಯಲ್ಲಿಯೇ ದೋಷವಿದೆ ಎಂಬುದರ ಸೂಚನೆ. ಅಂತಹ ದೀಪವನ್ನು ಗಾಳಿ ತುಂಬಿಸಿ ಆರಿಸಲಾಗದು. ಅಧಿಕೃತ ಸೇವಾ ಕೇಂದ್ರದಲ್ಲಿ ಪರಿಶೀಲಿಸಬೇಕಾಗುತ್ತದೆ.

(ಉ) ಕೆಂಪು ದೀಪವನ್ನು ಹಳದಿ ದೀಪದಂತೆ ಕಾಣಬಾರದು. ಬೇಸಿಗೆಯಲ್ಲಿ ಪೂರ್ಣ ಹೊರೆಯೊಂದಿಗೆ ಕೆಳ ಗೇರಿನಲ್ಲಿ ಘಾಟಿ ಹತ್ತುವಾಗ ಎಂಜಿನ್ ತಾಪಮಾನದ ಕೆಂಪು ದೀಪ ಉರಿದರೆ ವಾಹನವನ್ನು ಸುರಕ್ಷಿತ ಸ್ಥಳದಲ್ಲಿ ಕೂಡಲೇ ನಿಲ್ಲಿಸಿ ಎಂಜಿನ್ ಬಂದ್ ಮಾಡತಕ್ಕದ್ದು. ಎಂಜಿನ್ ತಣಿಯುವವರೆಗೆ ರೇಡಿಯೇಟರಿನ ಮುಚ್ಚಳವನ್ನು ತೆರೆಯಬಾರದು.

6. ದೀಪ ಬಂದ ಹಿನ್ನೆಲೆ ಮತ್ತು ಭಾರತದ ನಿಯಮ

ಟೈರಿನ ಎಚ್ಚರಿಕೆ ದೀಪವನ್ನು ಅಮೆರಿಕದಲ್ಲಿ ಕಡ್ಡಾಯಗೊಳಿಸಿದ್ದು ಒಂದು ದುರಂತ ಸರಣಿಯ ನಂತರ. 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿಯು ಬಳಕೆಯಲ್ಲಿದ್ದ ಸುಮಾರು 65 ಲಕ್ಷ ಟೈರುಗಳನ್ನು ಹಿಂಪಡೆಯಬೇಕಾಯಿತು. ಈ ಪೈಕಿ ಹೆಚ್ಚಿನವು ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳಲ್ಲಿದ್ದವು. ಟೈರಿನ ದೋಷದ ಜೊತೆಗೆ ಕಡಿಮೆ ಒತ್ತಡ, ವೇಗ, ಹೊರೆ ಮತ್ತು ಬಿಸಿ ಹವೆ ಕೂಡಿದ ಕಡೆ ಅನಾಹುತ ಹೆಚ್ಚಾಯಿತು. ಅರಿಜೋನಾ, ಟೆಕ್ಸಾಸ್, ಫ್ಲೋರಿಡಾದಂತಹ ಬಿಸಿ ರಾಜ್ಯಗಳಲ್ಲಿ ಘಟನೆಗಳು ಅಧಿಕವಾಗಿದ್ದವು. ಅದೇ ವರ್ಷ ಅಲ್ಲಿ ಕಾನೂನು ರಚನೆಯಾಗಿ, 2007ರ ಸೆಪ್ಟೆಂಬರ್‌ನಿಂದ ಹೊಸ ಲಘು ವಾಹನಗಳೆಲ್ಲಕ್ಕೂ ಈ ವ್ಯವಸ್ಥೆ ಕಡ್ಡಾಯವಾಯಿತು. ಯುರೋಪಿನಲ್ಲಿ 2014ರ ನವೆಂಬರ್‌ನಿಂದ ಹೊಸ ಕಾರುಗಳೆಲ್ಲಕ್ಕೂ ಕಡ್ಡಾಯ ಮಾಡಲಾಯಿತು.

ಭಾರತದಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳು, 1989ಕ್ಕೆ 2020ರ ಜುಲೈನಲ್ಲಿ ತಿದ್ದುಪಡಿ ತಂದು, ಗರಿಷ್ಠ 3.5 ಟನ್ ತೂಕದವರೆಗಿನ ವಾಹನಗಳಲ್ಲಿ ಇಂತಹ ವ್ಯವಸ್ಥೆಯನ್ನು ಅಳವಡಿಸಿದ್ದಲ್ಲಿ ಅದು ಎ.ಐ.ಎಸ್. 154 ಮಾನದಂಡಕ್ಕೆ ಅನುಗುಣವಾಗಿರಬೇಕೆಂದು ವಿಧಿಸಲಾಯಿತು. "ಅಳವಡಿಸಿದ್ದಲ್ಲಿ" ಎಂಬ ಪದ ಇಲ್ಲಿ ಮುಖ್ಯ. ಅದೇ ತಿದ್ದುಪಡಿಯಲ್ಲಿ, ಟ್ಯೂಬ್‌ರಹಿತ ಟೈರು, ದುರಸ್ತಿ ಕಿಟ್ ಮತ್ತು ನಿಗಾ ವ್ಯವಸ್ಥೆ ಇರುವ ವಾಹನಗಳಿಗೆ ಸ್ಟೆಪ್ನಿ ಇಡುವುದರಿಂದ ವಿನಾಯಿತಿ ನೀಡಲಾಯಿತು.

ಈ ವಿನಾಯಿತಿಯ ಪರಿಣಾಮವನ್ನು ಕೊಡಗಿನ ಖರೀದಿದಾರರು ಅರಿತಿರಬೇಕು. ದುರಸ್ತಿ ಕಿಟ್‌ನಿಂದ ಟೈರಿನ ನೆಲ ತಾಗುವ ಭಾಗದ ಸಣ್ಣ ರಂಧ್ರವನ್ನು ಮಾತ್ರ ತಾತ್ಕಾಲಿಕವಾಗಿ ಮುಚ್ಚಬಹುದು. ಪಕ್ಕದ ಗೋಡೆ ಸೀಳಿದರೆ ಅದು ನಿರುಪಯುಕ್ತ. ಮಾಕುಟ್ಟ ಮಾರ್ಗ ದಟ್ಟ ಅರಣ್ಯದ ನಡುವೆ ಸಾಗುತ್ತದೆ. ಅಲ್ಲಿ ಪಂಕ್ಚರ್ ಅಂಗಡಿ ಹತ್ತಿರದಲ್ಲಿರುವುದಿಲ್ಲ. ಸ್ಟೆಪ್ನಿ ಇಲ್ಲದ ವಾಹನವನ್ನು ಹೊಂದಿರುವವರು ಘಾಟಿ ಪ್ರಯಾಣಕ್ಕೆ ಮುನ್ನ ಟೈರುಗಳ ಪಕ್ಕದ ಗೋಡೆಯನ್ನೂ ಪರಿಶೀಲಿಸುವುದು ಸೂಕ್ತ.

ದ್ವಿಚಕ್ರ ವಾಹನಗಳು, ಆಟೋರಿಕ್ಷಾಗಳು, ತೋಟದ ಕಾರ್ಮಿಕರನ್ನು ಕರೆದೊಯ್ಯುವ ಹಳೆಯ ಜೀಪುಗಳು, ಕಾಫಿ ಮೂಟೆ ಸಾಗಿಸುವ ಪಿಕಪ್‌ಗಳು ಬಹುತೇಕ ಯಾವುದೇ ಎಚ್ಚರಿಕೆ ದೀಪವಿಲ್ಲದೆ ಓಡುತ್ತವೆ. ಹೊರೆ ಹೆಚ್ಚಾಗಿ ಹೊರುವವೂ ಇವೇ. ಕಡಿಮೆ ಗಾಳಿ, ಅಧಿಕ ಹೊರೆ, ಬಿಸಿ ರಸ್ತೆ ಈ ಮೂರೂ ಒಟ್ಟಿಗೆ ಸೇರುವ ಸಂಭವ ಇವುಗಳಲ್ಲಿ ಹೆಚ್ಚು. ಇಂತಹ ವಾಹನಗಳಿಗೆ ಕೈಯಲ್ಲಿ ಹಿಡಿಯುವ ಒತ್ತಡ ಮಾಪಕವೇ ದೀಪವಿದ್ದಂತೆ.

7. ಸಾರಜನಕ ತುಂಬಿಸುವ ಕುರಿತು

ಟೈರುಗಳಿಗೆ ಸಾರಜನಕ ತುಂಬಿಸಿದರೆ ಒತ್ತಡ ಏರುವುದಿಲ್ಲ ಎಂಬ ಪ್ರಚಾರವಿದೆ. ಸಾಮಾನ್ಯ ಗಾಳಿಯಲ್ಲಿಯೇ ಶೇಕಡಾ 78ರಷ್ಟು ಸಾರಜನಕವಿರುತ್ತದೆ. ಶಾಖಕ್ಕೆ ಎರಡರ ಒತ್ತಡವೂ ಬಹುಮಟ್ಟಿಗೆ ಒಂದೇ ಪ್ರಮಾಣದಲ್ಲಿ ಏರುತ್ತದೆ. ತೇವಾಂಶವಿಲ್ಲದಿರುವುದು ಮತ್ತು ಸ್ವಲ್ಪ ನಿಧಾನವಾಗಿ ಸೋರುವುದು ಸಾರಜನಕದ ಅನುಕೂಲಗಳು. 2019ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವರು ಇದನ್ನು ಕಡ್ಡಾಯಗೊಳಿಸುವ ಆಲೋಚನೆಯನ್ನು ರಾಜ್ಯಸಭೆಯಲ್ಲಿ ವ್ಯಕ್ತಪಡಿಸಿದ್ದರು. ಸಾರಜನಕ ತುಂಬಿಸಿದವರಿಗೂ ತಿಂಗಳಿಗೊಮ್ಮೆ ಒತ್ತಡ ಪರೀಕ್ಷಿಸುವ ಹೊಣೆ ತಪ್ಪುವುದಿಲ್ಲ.

8. ಟೈರು ಸಿಡಿದರೆ ಹೊಣೆ ಯಾರದು?

ಟೈರು ಸಿಡಿದು ಸಂಭವಿಸಿದ ಅಪಘಾತವನ್ನು ದೈವಾಧೀನವೆಂದು ಹೇಳಿ ಕೈತೊಳೆದುಕೊಳ್ಳಲಾಗದು. 2010ರಲ್ಲಿ ಪುಣೆಯಿಂದ ಮುಂಬೈಗೆ ಹೊರಟಿದ್ದ ಕಾರಿನ ಟೈರು ಸಿಡಿದು ಪ್ರಯಾಣಿಕರೊಬ್ಬರು ಮೃತಪಟ್ಟ ಪ್ರಕರಣದಲ್ಲಿ, ಇದು ದೈವಕೃತ ಘಟನೆಯೆಂಬ ವಿಮಾ ಕಂಪನಿಯ ವಾದವನ್ನು 2023ರಲ್ಲಿ ಬಾಂಬೆ ಹೈಕೋರ್ಟ್ ತಳ್ಳಿಹಾಕಿತು. ಅತಿ ವೇಗ, ಕಡಿಮೆ ಅಥವಾ ಹೆಚ್ಚು ಗಾಳಿ, ಬಳಸಿದ ಹಳೆಯ ಟೈರು, ತಾಪಮಾನ ಮುಂತಾದ ಕಾರಣಗಳಿಂದ ಟೈರು ಸಿಡಿಯುತ್ತದೆ, ಪ್ರಯಾಣಕ್ಕೆ ಮುನ್ನ ಟೈರಿನ ಸ್ಥಿತಿಯನ್ನು ಪರಿಶೀಲಿಸುವುದು ಚಾಲಕನ ಅಥವಾ ಮಾಲೀಕನ ಕರ್ತವ್ಯ ಎಂದು ನ್ಯಾಯಾಲಯ ಅಭಿಪ್ರಾಯಪಟ್ಟು ಪರಿಹಾರದ ಆದೇಶವನ್ನು ಎತ್ತಿಹಿಡಿಯಿತು. ಅದೇ ವರ್ಷ ಮಹಾರಾಷ್ಟ್ರದಲ್ಲಿ ನಾಗಪುರ ಕಡೆಯ ಸಮೃದ್ಧಿ ಹೆದ್ದಾರಿಯ ಪ್ರವೇಶದಲ್ಲಿಯೇ ಸವೆದ ಟೈರುಗಳ ತಪಾಸಣೆ ಕೈಗೊಳ್ಳಲಾಯಿತು.

ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮದಂತೆ ಟೈರಿನ ಹಲ್ಲುಗಳ ಆಳ ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಲ್ಲಿ 0.8 ಮಿ.ಮೀ., ಇತರ ವಾಹನಗಳಲ್ಲಿ 1.6 ಮಿ.ಮೀ.ಗಿಂತ ಕಡಿಮೆಯಿರಬಾರದು. ಸವೆದ ಟೈರಿನಲ್ಲಿ ಗಾಳಿ ಎಷ್ಟೇ ಸರಿಯಾಗಿದ್ದರೂ ಅದು ಸುರಕ್ಷಿತವಲ್ಲ.

9. ಅರ್ಹತಾ ಪತ್ರಕ್ಕೆ ಅರ್ಜಿ ಸಲ್ಲಿಸುವವರಿಗೆ

ಸಾರಿಗೆ ವಾಹನಗಳು 8 ವರ್ಷ ಪೂರೈಸುವವರೆಗೆ 2 ವರ್ಷಕ್ಕೊಮ್ಮೆ, ಆ ನಂತರ ಪ್ರತಿ ವರ್ಷ ಅರ್ಹತಾ ಪತ್ರವನ್ನು ನವೀಕರಿಸಿಕೊಳ್ಳಬೇಕಾಗುತ್ತದೆ. ಖಾಸಗಿ ವಾಹನಗಳು 15 ವರ್ಷ ಪೂರೈಸಿದಾಗ ನೋಂದಣಿ ನವೀಕರಣಕ್ಕೆ ತಪಾಸಣೆಗೆ ಒಳಪಡಬೇಕು. ಜಿಲ್ಲೆಯ ಪ್ರಾದೇಶಿಕ ಸಾರಿಗೆ ಕಚೇರಿ ಮಡಿಕೇರಿಯಲ್ಲಿದ್ದು, ವಿರಾಜಪೇಟೆಯಿಂದ ಸುಮಾರು 30 ಕಿ.ಮೀ. ದೂರ ಓಡಿ ಬಂದ ವಾಹನದ ಟೈರುಗಳು ಬಿಸಿಯಾಗಿಯೇ ಇರುತ್ತವೆ. ತಪಾಸಣೆಗೆ ಮುನ್ನ ಆತುರದಿಂದ ಗಾಳಿ ಇಳಿಸುವ ಅವಶ್ಯಕತೆಯಿಲ್ಲ. ಹೊರಡುವ ಮುನ್ನ ಊರಿನಲ್ಲಿಯೇ ಟೈರುಗಳ ಒತ್ತಡ, ಹಲ್ಲುಗಳ ಆಳ ಮತ್ತು ಪಕ್ಕದ ಗೋಡೆಯ ಬಿರುಕುಗಳನ್ನು ಪರಿಶೀಲಿಸಿಕೊಂಡು ಬಂದರೆ ವಾಹನ ತಿರಸ್ಕೃತವಾಗಿ ಮತ್ತೊಮ್ಮೆ ಬರುವ ಶ್ರಮ ಹಾಗೂ ವೆಚ್ಚ ತಪ್ಪುತ್ತದೆ.

ಅರ್ಹತಾ ಪತ್ರವು ತಪಾಸಣೆಯ ದಿನದ ಸ್ಥಿತಿಗೆ ಸಂಬಂಧಿಸಿದ್ದು. ಮುಂದಿನ ತಿಂಗಳುಗಳಲ್ಲಿ ಟೈರಿನಲ್ಲಿ ಇರುವ ಗಾಳಿಗೆ ಅದು ಖಾತರಿಯಾಗುವುದಿಲ್ಲ ಎಂಬುದನ್ನು ಮಾಲೀಕರು ಗಮನಿಸತಕ್ಕದ್ದು.

10. ಅನುಸರಿಸಬೇಕಾದ ಕ್ರಮಗಳು

(1) ತಿಂಗಳಿಗೊಮ್ಮೆ ಹಾಗೂ ಪ್ರತಿ ದೀರ್ಘ ಪ್ರಯಾಣಕ್ಕೆ ಮುನ್ನ, ಮುಂಜಾನೆ ಟೈರು ತಣ್ಣಗಿರುವಾಗ ಒತ್ತಡ ಪರೀಕ್ಷಿಸುವುದು. ಸ್ಟೆಪ್ನಿಯನ್ನೂ ಮರೆಯಬಾರದು.

(2) ವಾಹನದ ಫಲಕದಲ್ಲಿ ಸೂಚಿಸಿರುವ ಒತ್ತಡವನ್ನೇ ಅನುಸರಿಸುವುದು. ಟೈರಿನ ಗೋಡೆಯ ಮೇಲೆ ಅಚ್ಚಾಗಿರುವ ಸಂಖ್ಯೆ ಗರಿಷ್ಠ ಮಿತಿಯೇ ಹೊರತು ತುಂಬಿಸಬೇಕಾದ ಪ್ರಮಾಣವಲ್ಲ. ಪೂರ್ಣ ಹೊರೆಗೆ ಬೇರೆ ಒತ್ತಡ ಸೂಚಿಸಿದ್ದಲ್ಲಿ ಅದನ್ನು ಪಾಲಿಸುವುದು.

(3) ಬಿಸಿ ಟೈರಿನಿಂದ ಗಾಳಿ ಬಿಡದಿರುವುದು. ಬಿಸಿಯಿರುವಾಗಲೂ ಒತ್ತಡ ಸೂಚಿತ ಮಟ್ಟಕ್ಕಿಂತ ಕಡಿಮೆಯಿದ್ದರೆ, ಆ ಮಟ್ಟಕ್ಕಿಂತ ಸುಮಾರು 4 ಪಿ.ಎಸ್.ಐ. ಹೆಚ್ಚು ತುಂಬಿಸಿಕೊಂಡು, ಮರುದಿನ ತಣ್ಣಗಿರುವಾಗ ಸರಿಪಡಿಸಿಕೊಳ್ಳುವುದು.

(4) ಹಳದಿ ದೀಪ ಉರಿದರೆ ವೇಗ ತಗ್ಗಿಸಿ, ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ಟೈರುಗಳನ್ನು ನೋಡುವುದು. ನಂತರ ಹತ್ತಿರದ ಪೆಟ್ರೋಲ್ ಬಂಕ್‌ನಲ್ಲಿ ಒತ್ತಡ ಅಳೆಯಿಸುವುದು. ಬಂಕ್‌ಗಳಲ್ಲಿ ಗಾಳಿ ಉಚಿತ ಸೌಲಭ್ಯವಾಗಿರುತ್ತದೆ. ಒಂದೇ ಟೈರು ಪದೇ ಪದೇ ಇಳಿಯುತ್ತಿದ್ದರೆ ಪಂಕ್ಚರ್ ಅಥವಾ ವಾಲ್ವ್ ಸೋರಿಕೆಯನ್ನು ಪರೀಕ್ಷಿಸುವುದು.

(5) ಟೈರಿನ ವಯಸ್ಸನ್ನು ಗಮನಿಸುವುದು. ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಿಕೆಯ ವಾರವನ್ನೂ, ಕೊನೆಯೆರಡು ವರ್ಷವನ್ನೂ ತಿಳಿಸುತ್ತವೆ. ಉದಾಹರಣೆಗೆ 2319 ಎಂದಿದ್ದರೆ 2019ರ 23ನೇ ವಾರ. ಕಡಿಮೆ ಓಡಿದ ವಾಹನದಲ್ಲಿ ಹಲ್ಲು ಸವೆಯದಿದ್ದರೂ ರಬ್ಬರು ಮುಪ್ಪಾಗುತ್ತದೆ.

(6) ನಿಗದಿತ ಹೊರೆ ಮತ್ತು ವೇಗದ ಮಿತಿಯನ್ನು ಮೀರದಿರುವುದು. ದೀರ್ಘ ಪ್ರಯಾಣದಲ್ಲಿ ಆಗಾಗ್ಗೆ ವಾಹನವನ್ನು ನೆರಳಿನಲ್ಲಿ ನಿಲ್ಲಿಸುವುದು.

11. ಮುಕ್ತಾಯ

ಬಿಸಿಲು ಯಾರ ಕೈಯಲ್ಲಿಯೂ ಇಲ್ಲ. ಟೈರಿನ ಗಾಳಿ ಮಾಲೀಕರ ಕೈಯಲ್ಲಿದೆ. ಎಚ್ಚರಿಕೆ ದೀಪವು ಪರೀಕ್ಷೆಯನ್ನು ಮರೆತವರಿಗಾಗಿ ಇರುವ ಕೊನೆಯ ಕರೆ. ಅದು ಪರೀಕ್ಷೆಗೆ ಬದಲಿಯಲ್ಲ. ಮುಂಜಾನೆ ಐದು ನಿಮಿಷ ವ್ಯಯಿಸಿ ತಣ್ಣಗಿರುವ ಟೈರುಗಳನ್ನು ಅಳೆಯುವುದರಿಂದ ಹೆದ್ದಾರಿಯಲ್ಲಿಯೂ ಘಾಟಿಯಲ್ಲಿಯೂ ಪ್ರಾಣಹಾನಿಯನ್ನು ತಪ್ಪಿಸಬಹುದಾಗಿದೆ. ಸಾರ್ವಜನಿಕರು, ವಿಶೇಷವಾಗಿ ಬಾಡಿಗೆ ವಾಹನಗಳ ಮಾಲೀಕರು ಹಾಗೂ ಚಾಲಕರು, ಮೇಲಿನ ಅಂಶಗಳನ್ನು ಪಾಲಿಸಿ ಸಹಕರಿಸಬೇಕೆಂದು ಕೋರಲಾಗಿದೆ.